ನಮ್ಮ ಗೇಟಿನ ಮುಂದಿನ ‘ಶಾಸಕರು’ ಫಲಕದ ಕಾರಿಗೆ

ಮಾನ್ಯರೇ,

ಮರ್ಫಿ ಟೌನಿನ ನಮ್ಮ ಓಣಿಗೆ ತಾವು ದಯಮಾಡಿಸಿ ಇಂದಿಗೆ ಹನ್ನೊಂದು ದಿನ. ತಮ್ಮ ನಾಲ್ಕೂ ಚಕ್ರಗಳು ಕ್ಷೇಮವೆಂದು ಭಾವಿಸುತ್ತೇನೆ. ತಮ್ಮ ಮುಂಭಾಗದ ಕೆಂಪು ಫಲಕದಲ್ಲಿ ‘ಶಾಸಕರು’ ಎಂದಿದೆ. ನಿಘಂಟು ತೆಗೆದು ನೋಡಿದೆ: ಶಾಸನ ಮಾಡುವವರು. ಅಂಥವರೇ ‘ವಾಹನ ನಿಲ್ಲಿಸಬಾರದು’ ಎಂಬ ಬೋರ್ಡಿಗೆ ಒರಗಿ, ನಮ್ಮ ಗೇಟಿಗೆ ಅಡ್ಡಲಾಗಿ ನಿಂತಿರುವುದರಿಂದ, ಹಳೆಯ ಕಾನೂನಿಗೆ ತಿದ್ದುಪಡಿಯೊಂದು ಬರಲಿದೆಯೆಂದು ಗೌರವದಿಂದ ಕಾದೆ.

ಆ ಪದವನ್ನು ಬಳಸುವುದು ಹೇಗೆಂದು ನಿಘಂಟಿನಲ್ಲಿರಲಿಲ್ಲ. ಅದನ್ನು ಓಣಿಯವರೇ ತೋರಿಸಿಕೊಟ್ಟರು. ಹೂವಿನ ಪಿಳ್ಳಮ್ಮ ಚರಂಡಿಯ ಬಗ್ಗೆ ಅರ್ಜಿ ಬರೆಸಿ ತಮ್ಮ ವೈಪರಿಗೆ ಸಿಕ್ಕಿಸಿದರು. ಮರುದಿನ ವಿಳಾಸ ದೃಢೀಕರಣ ಪತ್ರಕ್ಕೊಂದು, ಶಾಲೆಯ ಸೀಟಿಗೊಂದು; ಈಗ ಒಟ್ಟು ಒಂಬತ್ತು. ತಾವು ಒಂದನ್ನೂ ತಿರಸ್ಕರಿಸಿಲ್ಲ, ಯಾರಿಗೂ ‘ನಾಳೆ ಬಾ’ ಎಂದಿಲ್ಲ, ಹನ್ನೊಂದು ದಿನವೂ ಕ್ಷೇತ್ರ ಬಿಟ್ಟು ಕದಲಿಲ್ಲ. ಇಷ್ಟು ಸುಲಭವಾಗಿ ಕೈಗೆ ಸಿಗುವ ಜನಪ್ರತಿನಿಧಿಯನ್ನು ನಾವು ಕಂಡಿರಲಿಲ್ಲ.

ಗುರುವಾರ ವಾಹನ ಎತ್ತುವ ಲಾರಿಯೂ ಬಂದಿತ್ತು. “ಏಯ್, ಶಾಸಕರ ಗಾಡಿ ಕಣ್ರೋ, ಬಿಡ್ರೋ!” ಎಂದು ತಮಗೊಂದು ಸುತ್ತು ಬಂದು, ಪಕ್ಕದಲ್ಲಿದ್ದ ನನ್ನ ಸ್ಕೂಟರನ್ನು ಹೇರಿಕೊಂಡು ಹೋದರು. ಅದಕ್ಕೆ ನನ್ನ ತಕರಾರಿಲ್ಲ. ಅದರ ಮೇಲೆ ಏನೂ ಬರೆದಿರಲಿಲ್ಲ.

ತಕರಾರು ನೆಲಮಹಡಿಯ ಸಾಬಮ್ಮನವರದು. ಸೊಂಟದ ಆಪರೇಷನ್ ಮುಗಿಸಿಕೊಂಡು, ತಾವು ಬರುವ ಹಿಂದಿನ ದಿನವಷ್ಟೇ ಮನೆಗೆ ಬಂದವರು. ಸೋಮವಾರ ಹತ್ತಕ್ಕೆ ಹಲಸೂರಿನ ಡಾಕ್ಟರ ಬಳಿ ಹೊಲಿಗೆ ಬಿಚ್ಚಿಸಬೇಕು. ಅವರ ಗಾಲಿಕುರ್ಚಿಯ ಅಗಲ ಇಪ್ಪತ್ತೈದು ಅಂಗುಲ. ಗೇಟಿನಲ್ಲಿ ತಾವು ಉಳಿಸಿರುವುದು ಹದಿನೆಂಟು. “ನಾನೂ ಓಟು ಹಾಕಿದೀನಿ ಅಂತ ಹೇಳಪ್ಪ ಅದಕ್ಕೆ!” ಎಂದು ಕಿಟಕಿಯಿಂದಲೇ ಕೂಗುತ್ತಿದ್ದಾರೆ. ಹೇಳಿದ್ದೇನೆ.

ಆದ್ದರಿಂದ ತಾವು ಏಳು ಅಂಗುಲ ಮುಂದೆ ಸರಿಯುವ ಮಸೂದೆಯೊಂದನ್ನು ಮಂಡಿಸಿ, ಚರ್ಚೆಯಿಲ್ಲದೆ ಅಂಗೀಕರಿಸಬೇಕೆಂದು ಕೋರುತ್ತೇನೆ. ಅದು ಕಷ್ಟವಾದರೆ, ಸಾಬಮ್ಮನವರ ಕುರ್ಚಿ ಏಳು ಅಂಗುಲ ಕಿರಿದಾಗತಕ್ಕದ್ದು ಎಂದಾದರೂ ಶಾಸನ ಮಾಡಿ.

ತಮ್ಮ ವಿಶ್ವಾಸಿ,
ಅಂಜನಮೂರ್ತಿ

ಬರೆಯಲು ಮರೆತದ್ದು: ನಿನ್ನೆ ಪಿಳ್ಳಮ್ಮ ತಮ್ಮ ಫಲಕಕ್ಕೆ ಹಾರ ಕಟ್ಟುವಾಗ ಅದರ ಒಂದು ಸ್ಕ್ರೂ ಉದುರಿತು. ಎದುರಿನ ಗ್ಯಾರೇಜಿನ ತೌಹೀದ್ ಬಗ್ಗಿ ನೋಡಿ, “ಇನ್ನೊಂದೇ ಇರೋದು ಸಾರ್. ಅದೂ ಹೋದ್ರೆ ಇದು ಬರೀ ಕಾರು, ಅರ್ಧ ಗಂಟೇಲಿ ಎತ್ಕೊಂಡ್ ಹೋಗ್ತಾರೆ” ಎಂದ. ಸೋಮವಾರ ಬೆಳಿಗ್ಗೆ ಒಂಬತ್ತರವರೆಗೆ ಅದನ್ನು ಯಾರೂ ಮುಟ್ಟಕೂಡದೆಂದು ಎಲ್ಲರಿಗೂ ತಿಳಿಸಿ, ಅವನ ಸ್ಕ್ರೂಡ್ರೈವರನ್ನು ನಾನೇ ಇಸಿದುಕೊಂಡು ಇಟ್ಟಿದ್ದೇನೆ.