ಬೆವರದ ಕೌಂಟರಮ್ಮ

ಎಲ್ಲಕ್ಕೂ ಮೂಲ ಊಟದ ಹೊತ್ತಿನಲ್ಲಿ ಆಡಿದ ಒಂದು ಜಂಬದ ಮಾತು. ಗಿಡಮೂಲಿಕೆ ಅಂಗಡಿಯ ಕೌಂಟರಿನಲ್ಲಿ ಕೂರುವ ಹೆಂಗಸು, ಎಲ್ಲರೂ ಕೌಂಟರಮ್ಮ ಎಂದೇ ಕರೆಯುವಾಕೆ, “ಮುಟ್ಟು ನಿಂತು ವರ್ಷ ಆಯ್ತು, ನನಗಂತೂ ಒಂದು ಹನಿ ಬೆವರೂ ಬಂದಿಲ್ಲ” ಎಂದುಬಿಟ್ಟಳು. ಗೋಡೆಯಾಚೆ ಮಾಲೀಕರ ಕಿವಿ ನೆಟ್ಟಗಾಯಿತು. ವಾರದೊಳಗೆ ಅಂಗಡಿಯ ಬಾಗಿಲಲ್ಲಿ ಅವಳ ಆಳೆತ್ತರದ ಫೋಟೋ ನಿಂತಿತು. ಕೆಳಗೆ ‘ನಮ್ಮ ಕಷಾಯ ಕುಡಿದವರು ಹೀಗಿರುತ್ತಾರೆ’ ಎಂಬ ಒಕ್ಕಣೆ. ಪಾಪ, ಆಕೆ ಆ ಕಷಾಯವನ್ನು ಮೂಸಿಯೂ ನೋಡಿರಲಿಲ್ಲ.

ಫೋಟೋ ಏರಿದ ಮಾರನೆಯ ದಿನವೇ ಮೈಯೊಳಗೆ ಝಳ ಶುರುವಾಯಿತು. ಎದೆಯಿಂದ ಹೊರಟು ಕಿವಿಯವರೆಗೆ ಏರಿ, ಬೆನ್ನಲ್ಲಿ ಬೆವರಾಗಿ ಇಳಿಯುವ ಝಳ. ರಾತ್ರಿ ನಿದ್ದೆಯೂ ಇಲ್ಲ. ಹೇಳಿಕೊಳ್ಳೋಣವೆಂದರೆ ಬಾಯಿ ಬಿಟ್ಟರೆ ಬಣ್ಣಗೇಡು. ಫೋಟೋ ಇಳಿದ ದಿನ ಆಕೆಯೂ ಕೌಂಟರಿನಿಂದ ಇಳಿಯಬೇಕೆಂದು ಮಾಲೀಕರು ಆಗಲೇ ನಗುನಗುತ್ತಾ ಹೇಳಿದ್ದರು. ಆ ಕುರ್ಚಿ, ತಲೆಯ ಮೇಲಿನ ಆ ಫ್ಯಾನು ಆಕೆಗೆ ಪ್ರಾಣಕ್ಕಿಂತ ಹೆಚ್ಚು.

ಹೀಗೇ ತಿಂಗಳುಗಳು ಉರುಳಿದವು. ಒಂದು ದಿನ ಮಹಿಳಾ ಸಂಘದವರು ಬಂದು ಇಡೀ ಸಂಘಕ್ಕೆ ಕಷಾಯ ಕೊಳ್ಳುವವರಿದ್ದರು. ಹೆದರಿದ ಕೌಂಟರಮ್ಮ ಬೆಳಿಗ್ಗೆಯೇ ಮಹಡಿ ಹತ್ತಿ, ಕಷಾಯ ಕುದಿಸುವ ಅಕ್ಕನ ಕಿವಿಯಲ್ಲಿ ಗುಟ್ಟು ಹೇಳಿದಳು. ಆ ಅಕ್ಕನ ಬಾಯಲ್ಲಿ ಎಳ್ಳು ನೆನೆಯದು. ಕೌಂಟರಮ್ಮ ಕೆಳಗಿಳಿದು ಕೂರುವಷ್ಟರಲ್ಲಿ ಪಕ್ಕದ ಅಂಗಡಿಯ ಟೈಲರು ಅಗಸೆ ಬೀಜದ ಪುಡಿ ಹಿಡಿದು ನಿಂತಿದ್ದ. ತನ್ನ ಅತ್ತಿಗೆಗೆ ಇದರಿಂದಲೇ ಗುಣವಾಯಿತೆಂದು ಪಿಸುಗುಟ್ಟಿದ. ಎದುರುಮನೆಯ ಟೀಚರು ಸೋಂಪಿನ ನೀರು ತಂದರು. ಬೀಗ ರಿಪೇರಿಯವನ ಹೆಂಡತಿ ಜೇಷ್ಠಮಧುವಿನ ಬೇರು ಕೊಟ್ಟು, ಅಗಿದು ನುಂಗುವ ತನಕ ಕದಲಲಿಲ್ಲ. ಎಲ್ಲವೂ ಒಳಗೆ ಹೋದವು. ಸಾಲದೆಂದು ಅಕ್ಕ ಅಂಗಡಿಯ ಕಷಾಯವನ್ನೇ ಒಂದು ಲೋಟ ಇಳಿಸಿ ತಂದಳು. ಹೊಟ್ಟೆಯೊಳಗೆ ಸಂತೆ ನೆರೆಯಿತು.

ಸಂಘದವರು ಬಾಗಿಲು ದಾಟಿದ್ದೇ ತಡ, ಝಳ ಏರಿತು. ಕೌಂಟರಮ್ಮ ಮುಗುಳ್ನಗೆ ಬಿಡಲಿಲ್ಲ. ಹಣೆಯ ಬೆವರು ಮಾತ್ರ ಮೂಗಿನ ತುದಿಗೆ ಬಂದು, ಅಲ್ಲಿಂದ ಕಷಾಯದ ಬಾಟಲಿಯ ಮೇಲೆ ತೊಟ್ಟಿಕ್ಕಿತು. ಸಂಘದ ಅಧ್ಯಕ್ಷೆ ಬಾಗಿಲ ಫೋಟೋವನ್ನೂ ಈ ಮುಖವನ್ನೂ ಎರಡೆರಡು ಸಲ ನೋಡಿದರು. ಮಾಲೀಕರ ಮುಖ ಇಂಗು ತಿಂದ ಮಂಗನಂತಾಯಿತು.

“ಫೋಟೋದಲ್ಲಿರೋದೆಲ್ಲ ಸುಳ್ಳು ಕಣ್ರೀ,” ಎಂದಳು ಕೌಂಟರಮ್ಮ. ಇನ್ನು ಮುಚ್ಚಿಟ್ಟು ಮಾಡುವುದೇನಿದೆ ಅನ್ನಿಸಿತ್ತು. “ಫ್ಯಾನ್ ಕೆಳಗೆ ಕೂತ್ರೂ ಬೇಯ್ತೀನಿ. ರಾತ್ರಿ ಎದ್ದು ಬಚ್ಚಲ ನೆಲದ ಮೇಲೆ ಮಲಗ್ತೀನಿ. ಈ ಕಷಾಯ ಕುಡಿದಿದ್ದು ಇವತ್ತೇ ಮೊದಲು.”

ಅಧ್ಯಕ್ಷೆ ಅವಳ ಕೈ ಹಿಡಿದುಕೊಂಡರು. “ನಿಮ್ಮ ಫೋಟೋ ನೋಡಿದಾಗೆಲ್ಲ ನಂಗೆ ಮೈ ಉರೀತಿತ್ತು. ಈಗ ನೋಡಿ, ನಮ್ಮೋರು ಅನ್ನಿಸ್ತು.”

ಅಷ್ಟೇ ಸಾಕಾಯಿತು. ಒಬ್ಬೊಬ್ಬರೂ ತಮ್ಮ ಬೆವರಿನ ಕತೆ ಬಿಚ್ಚಿದರು. ಒಬ್ಬಾಕೆ ಗಂಡನ ಹೊದಿಕೆಯನ್ನೂ ಕಿತ್ತೆಸೆಯುತ್ತಿದ್ದಳಂತೆ. ನಕ್ಕು ನಕ್ಕು ಕಣ್ಣೊರೆಸಿಕೊಂಡು, ಇವಳ ಜೊತೆ ತಾವೂ ಕುಡಿದು ನೋಡುವುದಾಗಿ ಹೇಳಿ, ಕಪಾಟನ್ನೇ ಬರಿದು ಮಾಡಿ ಹೋದರು. ಕೌಂಟರಮ್ಮನಿಗೆ ಎಷ್ಟೋ ತಿಂಗಳ ಮೇಲೆ ಎದೆ ಹಗುರಾಯಿತು, ಸಂತೋಷಕ್ಕೆ ಅಳುವೇ ಬಂತು.

ಮಾಲೀಕರು ಬೈಯಲಿಲ್ಲ. ಫೋಟೋ ಕಿತ್ತು ಒಳಗಿಟ್ಟು, ಸಂಜೆ ಇನ್ನೊಂದು ಸಂಘವನ್ನು ಕರೆಸುವುದಾಗಿ ಹೇಳಿ, ಆಗಲೂ ಹೀಗೇ ಬೆವರಬೇಕೆಂದು ಅಪ್ಪಣೆ ಮಾಡಿದರು.

ಸಂಜೆ ಜನ ಬಂದರು. ಕೌಂಟರಮ್ಮ ಫ್ಯಾನ್ ಆರಿಸಿ ಕಾದಳು. ಬಿಸಿನೀರು ಕುಡಿದಳು. ಬಿಡುವಿಲ್ಲದೆ ಮಗಳ ಮದುವೆಯ ಚಿಂತೆ ಮಾಡಿದಳು. ಊಹೂಂ, ಮೈ ಮಡಕೆಯ ನೀರಿನ ಹಾಗೆ ತಣ್ಣಗಿತ್ತು. ಯಾವುದು ನಾಟಿತೋ, ಅಗಸೆಯೋ ಸೋಂಪೋ ಬೇರೋ ಕಷಾಯವೋ, ಇಲ್ಲ ಬೆಳಗಿನ ಅಳುವೋ, ಅವಳಿಗೇ ತಿಳಿಯದು. ಬೆಳಗಿನವರಿಂದ ಕತೆ ಕೇಳಿ ಬಂದಿದ್ದ ಹೆಂಗಸರು ಅವಳ ಒಣಗಿದ ಹಣೆ ನೋಡಿ, ಇದೆಲ್ಲ ವ್ಯಾಪಾರದ ನಾಟಕವೆಂದು ಮೂಗು ಮುರಿದು ಹೊರಟುಹೋದರು.

ಮಾಲೀಕರು ಅವಳ ಮುಂದೆ ಬಂದು ಕೈ ಮುಗಿದರು.

“ವಾಸಿ ಆಗೋಕೆ ನಿಮಗೆ ಇವತ್ತೇ ಬೇಕಿತ್ತೇನಮ್ಮ? ನಾಳೆಯಿಂದ ಮಹಡಿ ಮೇಲೆ ಅಕ್ಕನ ಜೊತೆ ಒಲೆ ಮುಂದೆ ಕೂತ್ಕೊಳ್ಳಿ. ಗಿರಾಕಿ ಬಂದಾಗ ಕೂಗ್ತೀನಿ, ಮುಖ ಒರೆಸ್ಕೊಳ್ದೆ ಹಾಗೇ ಇಳಿದು ಬನ್ನಿ.”