ಸದಾನಂದ ಓದಿದ ಡಾರ್ಟ್ಸ್ ಚರಿತ್ರೆ

ಇದು ಶುರುವಾದದ್ದು ಜನವರಿ ತಿಂಗಳ ಎರಡನೆಯ ಶುಕ್ರವಾರ, ಬೆಳಗ್ಗೆ ಎಂಟು ಗಂಟೆಗೆ. ಕುವೈತಿನ ಫರ್ವಾನಿಯಾದಲ್ಲಿ ಆ ದಿನ ಒಳ್ಳೆಯ ಚಳಿ ಇತ್ತು. ನಲ್ಲಿಯಲ್ಲಿ ಬಿಸಿನೀರು ಬರುವುದನ್ನು ಕಾಯುತ್ತ ಸದಾನಂದ ಬ್ರಶ್ಶು ಹಿಡಿದು ನಿಂತಿದ್ದಾಗ ಫೋನು ಬಂತು. ಎತ್ತಿದರೆ ಆ ಕಡೆಯಿಂದ ಮಾತಿಲ್ಲ. ವಾಶರು ಹೋದ ಕುಕ್ಕರಿನಂಥ ಒಂದು ಸದ್ದು ಮಾತ್ರ. ಅವನು ಫೋನು ಇಟ್ಟ. ಒಂದು ನಿಮಿಷದಲ್ಲಿ ವಾಟ್ಸಾಪಿನಲ್ಲಿ ಬರಹ ಬಂತು. ತಿಮ್ಮರಾಯಪ್ಪನವರದು. ಗಂಟಲು ಹೋಗಿದೆ, ಕೂಡಲೇ ಮನೆಗೆ ಬಾ ಎಂದು ಬರೆದಿದ್ದರು.

ತಿಮ್ಮರಾಯಪ್ಪನವರು ಮಂಡ್ಯದ ಕಡೆಯವರು. ಮೂವತ್ತು ವರ್ಷದಿಂದ ಕುವೈತಿನಲ್ಲಿ ಇಂಜಿನಿಯರು. ಅವರಿಗೆ ಇದ್ದ ಒಂದೇ ಚಟವೆಂದರೆ ಟಿ.ವಿ.ಯಲ್ಲಿ ಡಾರ್ಟ್ಸ್ ನೋಡುವುದು. ಗೋಡೆಯ ಮೇಲಿನ ದುಂಡು ಹಲಗೆಗೆ ಗೇಣುದ್ದದ ಬಾಣ ಎಸೆಯುವ ಆ ಆಟವನ್ನು ಅವರ ಹೆಂಡತಿ ರಾಜಮ್ಮ, ಗೋಡೆ ಹಾಳುಮಾಡುವ ಆಟ ಎಂದು ಕರೆಯುತ್ತಿದ್ದರು. ಕರಾವಳಿಯವರ ಜಗಳದಲ್ಲಿ ತಿಮ್ಮರಾಯಪ್ಪನವರಿಗೆ ಪಾಲಿರಲಿಲ್ಲ. ಹಾಗಾಗಿ ರಾಜಿ ಮಾಡಿಸುವ ಕೆಲಸ ಅವರ ತಲೆಗೆ ಬಂದಿತ್ತು.

ಜಗಳ ಎಂಟು ವರ್ಷದ್ದು. ಅದಕ್ಕೆ ಮೊದಲು ಕರಾವಳಿಯವರಿಗೆ ಒಂದೇ ಸಂಘವಿತ್ತು. ಒಂದು ವಾರ್ಷಿಕೋತ್ಸವದಲ್ಲಿ ವೇದಿಕೆಯ ಮೇಲೆ ಐದು ಕುರ್ಚಿ ಹಾಕಿದರು. ನಡುವಿನ ಕುರ್ಚಿಯಲ್ಲಿ ಅಧ್ಯಕ್ಷ ಧನರಾಜ್ ಕೂರಬೇಕೋ, ಅಂದಿನ ಊಟವನ್ನೆಲ್ಲ ವಹಿಸಿಕೊಂಡಿದ್ದ ಅವನ ತಂಗಿಯ ಗಂಡ ರಾಜೀವ್ ಕೂರಬೇಕೋ ಎಂಬ ಪ್ರಶ್ನೆ ಎದ್ದಿತು. ಉತ್ತರ ಸಿಗುವ ಮೊದಲೇ ರಾಜೀವ್ ಹದಿನಾರು ಕುಟುಂಬಗಳನ್ನೂ ಕೋಳಿಸಾರಿನ ದೊಡ್ಡ ಪಾತ್ರೆಯನ್ನೂ ಕರೆದುಕೊಂಡು ಹೊರಟುಹೋದ. ಅಂದಿನಿಂದ ಹಳೆಯ ಸಂಘ, ಹೊಸ ಸಂಘ. ಹೊಸದಕ್ಕೆ ರಾಜೀವನೇ ಅಧ್ಯಕ್ಷ. ಇವರ ಅಷ್ಟಮಿಗೆ ಹೋದವನಿಗೆ ಅವರ ಚೌತಿಯಲ್ಲಿ ಎಲೆ ಇಲ್ಲ. ಹೊಸ ಸಂಘ ಮೊದಲು ಹಳೆಯ ಸಂಘದ ಹೆಸರನ್ನೇ ಇಟ್ಟುಕೊಂಡಿತ್ತು. ಊರಿನ ವಕೀಲರಿಂದ ಕಾಗದ ಬಂದ ಮೇಲೆ ಬದಲಿಸಿತು.

ಧನರಾಜನಿಗೆ ಫರ್ವಾನಿಯಾದ ಪೇಟೆಯಲ್ಲಿ ಊರಿಗೆ ಸಾಮಾನು ಕಳಿಸುವ ಕಾರ್ಗೋ ಅಂಗಡಿ ಇತ್ತು. ಜಗಳದ ಮರುತಿಂಗಳು ರಾಜೀವ್ ಅದರ ಎದುರಿಗೇ ಇನ್ನೊಂದು ಕಾರ್ಗೋ ಅಂಗಡಿ ತೆರೆದ. ಒಬ್ಬನ ಗಿರಾಕಿ ರಸ್ತೆ ದಾಟದಂತೆ ನೋಡಿಕೊಳ್ಳುವುದೇ ಇಬ್ಬರ ಮುಖ್ಯ ವ್ಯಾಪಾರವಾಯಿತು. ಈಚೆಗೆ ಇಬ್ಬರಿಗೂ ಒಂದೇ ಯೋಚನೆ ಬಂದಿತ್ತು. ಬಾಗಿಲಲ್ಲಿ ಒಬ್ಬನನ್ನು ನಿಲ್ಲಿಸಬೇಕು, ಹೋಗುವವರನ್ನು ಅಣ್ಣಾ ಅಕ್ಕಾ ಎಂದು ಒಳಗೆ ಕರೆಯಲಿಕ್ಕೆ.

ಆ ಕೆಲಸವೇ ಸದಾನಂದನಿಗೆ ಬೇಕಾಗಿದ್ದದ್ದು. ಅವನು ಹನ್ನೆರಡು ವರ್ಷ ದುಡಿದ ಶುಐಬಾದ ಪೈಪಿನ ಕಂಪೆನಿ ಬಾಗಿಲು ಹಾಕುತ್ತಿತ್ತು. ಕಂಪೆನಿ ಅವನ ಕೈಗೆ ಬಿಡುಗಡೆಯ ಕಾಗದ ಕೊಟ್ಟಿತ್ತು. ಜನವರಿ ಮುಗಿಯುವುದರೊಳಗೆ ವೀಸಾ ಹೊರುವ ಅರಬಿ ಯಜಮಾನ, ಹೊಸ ಕಫೀಲ್, ಸಿಕ್ಕಿ ಅದರ ಮೇಲೆ ಅವನ ಸಹಿ ಬಿದ್ದರೆ ಅಲ್ಲಿ ಇರಲು ಬೇಕಾದ ಇಕಾಮಾ ಮುಂದುವರಿಯುತ್ತದೆ. ಇಲ್ಲದಿದ್ದರೆ ಖಲಾಸ್, ಊರಿಗೆ ಹೋಗಬೇಕು. ಮಗಳು ಶರಣ್ಯಾಳ ನರ್ಸಿಂಗಿಗೆ ಇನ್ನೂ ಎರಡು ವರ್ಷ ಬಾಕಿ ಇತ್ತು. ಎರಡು ಅಂಗಡಿಯವರೂ ನೋಡುವ ಎಂದಿದ್ದರು. ಆದ್ದರಿಂದ ಸದಾನಂದ ಎರಡು ಸಂಘದಲ್ಲೂ ಬಾಯಿ ಬಿಡದೆ, ಲಿಫ್ಟಿನಲ್ಲಿ ನಿಂತವನಂತೆ ಎದುರಿನ ಗೋಡೆ ನೋಡಿಕೊಂಡು ಬದುಕುತ್ತಿದ್ದ.

ಆ ಶುಕ್ರವಾರ ಎರಡೂ ಸಂಘದವರು ಸೇರಿ ಡಾರ್ಟ್ಸ್ ಪಂದ್ಯ ಆಡುವುದೆಂದು ತಿಮ್ಮರಾಯಪ್ಪನವರು ಒಪ್ಪಿಸಿದ್ದರು. ಕ್ರಿಕೆಟ್ ಆದರೆ ಬ್ಯಾಟು ಕೈಯಲ್ಲಿರುತ್ತದೆ, ಹಗ್ಗಜಗ್ಗಾಟಕ್ಕೆ ಹೆಸರಿನಲ್ಲೇ ಜಗಳವುಂಟು. ಡಾರ್ಟ್ಸ್ ಎರಡು ಕಡೆಯವರಿಗೂ ಬರುವುದಿಲ್ಲ, ಅದೇ ಅನುಕೂಲ ಎಂದು ಅವರ ಲೆಕ್ಕ. ಪಂದ್ಯಕ್ಕೆ ಮೊದಲು ಡಾರ್ಟ್ಸ್ ವಿಶ್ವ ಚಾಂಪಿಯನ್‌ಶಿಪ್ಪಿನ ಚರಿತ್ರೆಯ ಮೇಲೆ ಹತ್ತು ನಿಮಿಷದ ಭಾಷಣ. ಅದನ್ನು ಒಂದು ವಾರ ಬಚ್ಚಲುಮನೆಯಲ್ಲಿ ಗಟ್ಟಿಯಾಗಿ ಅಭ್ಯಾಸ ಮಾಡಿಯೇ ಅವರ ಸ್ವರ ಹೋಗಿತ್ತು.

ಸದಾನಂದ ಮನೆಗೆ ಹೋದಾಗ ಅವರು ಎರಡು ಹಾಳೆ ಅವನ ಕೈಗೆ ಕೊಟ್ಟರು. ಇದನ್ನು ನೀನು ಓದು, ಎರಡು ಕಡೆಯವರೂ ಒಪ್ಪುವ ಮನುಷ್ಯ ನೀನೊಬ್ಬನೇ ಎಂದು ಚೀಟಿಯಲ್ಲಿ ಬರೆದು ತೋರಿಸಿದರು. ಸದಾನಂದ ಆಗುವುದಿಲ್ಲ ಎನ್ನುವಷ್ಟರಲ್ಲಿ ರಾಜಮ್ಮ ಉಪ್ಪಿಟ್ಟಿನ ತಟ್ಟೆ ತಂದು ಎದುರಿಗಿಟ್ಟರು. ತಿಂದ ಮೇಲೆ ಆಗುವುದಿಲ್ಲ ಎನ್ನಲಿಕ್ಕೆ ಅವನಿಗೆ ಬರುತ್ತಿರಲಿಲ್ಲ.

ದಾರಿಯಲ್ಲಿ ಮೊದಲ ಹಾಳೆಯ ಅರ್ಧ ಓದುವಾಗ ಧನರಾಜನ ಫೋನು.

"ನೀನು ಮಾತಾಡ್ತೀಯಂತೆ. ಎಂತ ಬೇಕಾದ್ರೂ ಹೇಳು ಮಾರಾಯ. ಮೊದಲು ಹುಟ್ಟಿದ್ದಕ್ಕೆ ಒಂದು ಬೆಲೆ ಉಂಟು ಅಂತ ಜನಕ್ಕೆ ಗೊತ್ತಾಗ್ಬೇಕು, ಅಷ್ಟೆ. ಭಾನುವಾರ ಕಫೀಲ್ ಅಂಗಡಿಗೆ ಬರ್ತಾನೆ. ನಿನ್ನ ಕಾಗದ ತಾ."

ಅದು ಮುಗಿದು ಇನ್ನೂ ನಾಲ್ಕು ಸಾಲು ಓದುವಾಗ ರಾಜೀವನ ಫೋನು. ಅವನೂ ಭಾನುವಾರವೇ ಕಾಗದ ತರಲು ಹೇಳಿದ. ಈಗ ಚೆನ್ನಾಗಿ ನಡೆಯುತ್ತಿರುವುದು ಯಾವುದು ಎಂದು ಜನರಿಗೆ ಮುಟ್ಟಿಸಿದರೆ ಸಾಕು ಎಂದ.

ಸದಾನಂದನಿಗೆ ಹೆದರಿಕೆಯಾಗಲಿಲ್ಲ. ಜಗತ್ತು ಒಂದೇ ಇರುವುದರಿಂದ ಅದರ ಚಾಂಪಿಯನ್‌ಶಿಪ್ಪೂ ಒಂದೇ ಇರಬೇಕು, ಅದರಲ್ಲಿ ಹಳೆಯದು ಹೊಸದು ಎಲ್ಲಿಂದ ಬಂತು ಎಂದು ಅವನು ನಂಬಿದ್ದ. ಎರಡನೆಯ ಹಾಳೆಯನ್ನು ಅವನು ತೆರೆದು ನೋಡಲಿಲ್ಲ.

ಸಭೆಯ ಹಾಲಿನಲ್ಲಿ ಎಡಗಡೆ ಹಳೆಯ ಸಂಘ, ಬಲಗಡೆ ಹೊಸ ಸಂಘ, ನಡುವೆ ಬಸ್ಸು ಹೋಗುವಷ್ಟು ಜಾಗ. ವೇದಿಕೆಯ ಮೇಲೆ ಕುರ್ಚಿಯನ್ನೇ ಹಾಕಿರಲಿಲ್ಲ. ಮೈಕಿನ ಮುಂದೆ ಸದಾನಂದ ಇಕಾಮಾದ ಫೋಟೋಕ್ಕೆ ನಿಂತವನಂತೆ ನಿಂತ. ತಿಮ್ಮರಾಯಪ್ಪನವರು ಕೊರಳಿಗೆ ಮಫ್ಲರು ಸುತ್ತಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದರು.

ಮೊದಲ ಹಾಳೆ ಚೆನ್ನಾಗಿ ಹೋಯಿತು. ಸಾವಿರದ ಒಂಬೈನೂರ ಎಪ್ಪತ್ತೆಂಟರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ಐನೂರ ಒಂದರಿಂದ ಕಳೆಯುತ್ತ ಬಂದು ಸರಿಯಾಗಿ ಸೊನ್ನೆಗೆ ಮುಟ್ಟಿದವನು ಗೆದ್ದ ಹಾಗೆ. ಮೊದಲು ಹುಟ್ಟಿದ್ದು ಎಂಬ ಮಾತು ಬಂದಾಗ ಧನರಾಜ್ ಕಾಲ ಮೇಲೆ ಕಾಲು ಹಾಕಿಕೊಂಡ.

ಸದಾನಂದ ಎರಡನೆಯ ಹಾಳೆ ತೆಗೆದು ಓದಿದ.

"ಹೀಗಿರುವಾಗ ಟಿ.ವಿ.ಯವರು ಆಟವನ್ನು ತೋರಿಸುವುದು ಕಡಿಮೆ ಮಾಡಿದರು. ಹಳೆಯ ಸಂಸ್ಥೆ ಏನೂ ಮಾಡುತ್ತಿಲ್ಲವೆಂದು ಆಟಗಾರರಿಗೆ ಬೇಸರವಾಯಿತು. ತೊಂಬತ್ತಮೂರರಲ್ಲಿ ಹದಿನಾರು ಮಂದಿ ಹೊರಟುಹೋದರು."

ಹಾಲಿನಲ್ಲಿ ಒಂದು ಕುರ್ಚಿ ಕಿರುಗುಟ್ಟಿತು. ಹದಿನಾರು ಎಂಬುದನ್ನು ಬಲಗಡೆಯವರು ಒಬ್ಬರಿಗೊಬ್ಬರು ಹೇಳಿಕೊಂಡರು.

ಕಾಗದದಲ್ಲಿ ಇದ್ದದ್ದು ಇಸವಿಗಳು ಮತ್ತು ನಡೆದ ಸಂಗತಿ ಮಾತ್ರ. ನಡುನಡುವೆ ಸೇರಿಸಬೇಕಾದ ಸಮಾಧಾನದ ಮಾತುಗಳೆಲ್ಲ ತಿಮ್ಮರಾಯಪ್ಪನವರ ತಲೆಯಲ್ಲಿದ್ದವು. ಅವರು ನಿಲ್ಲಿಸು ಎನ್ನುವಂತೆ ಕೊರಳಿನ ಮೇಲೆ ಕೈ ಅಡ್ಡ ಎಳೆದು ತೋರಿಸಿದರು. ಸದಾನಂದ ಅವರ ಗಂಟಲು ನೋಯುತ್ತಿದೆ ಎಂದುಕೊಂಡು ಕನಿಕರದಿಂದ ತಲೆಯಾಡಿಸಿ ಮುಂದೆ ಓದಿದ.

ಹೊರಗೆ ಹೋದವರ ಜೊತೆ ಆಡಿದವನನ್ನು ಹಳೆಯ ಸಂಸ್ಥೆ ತನ್ನ ಯಾವ ಪಂದ್ಯಕ್ಕೂ ಸೇರಿಸಲಿಲ್ಲ. ಇದನ್ನು ಓದಿದಾಗ ಬಲಗಡೆಯಿಂದ ಯಾರೋ, ಊಟಕ್ಕೂ ಸೇರಿಸಲಿಲ್ಲ ಎಂದರು. ಹೊಸಬರು ತೊಂಬತ್ತನಾಲ್ಕರಲ್ಲಿ ಪರ್‌ಫ್ಲೀಟ್ ಎಂಬ ಊರಿನ ಉಪಾಹಾರ ಮಂದಿರದಲ್ಲಿ ತಮ್ಮದೇ ವಿಶ್ವ ಚಾಂಪಿಯನ್‌ಶಿಪ್ ನಡೆಸಿದರು. ಅಲ್ಲಿ ಕುಡಿಯಲಿಕ್ಕೆ ಏನು ಸಿಗುತ್ತದೆಂದು ಕುವೈತಿನ ಮೈಕಿನಲ್ಲಿ ಹೇಳುವುದು ಬೇಡವೆಂದು ತಿಮ್ಮರಾಯಪ್ಪನವರು ಹಾಗೆ ಬರೆದಿದ್ದರು. ಕೋರ್ಟಿಗೆ ಹೋಗಿ ರಾಜಿಯಾದಾಗ ಹೊಸ ಸಂಸ್ಥೆ ತನ್ನ ಹೆಸರು ಬದಲಿಸಿಕೊಂಡಿತು.

ಎಡಗಡೆಯವರು ನಕ್ಕರು. ರಾಜೀವನ ಕಿವಿ ಕೆಂಪಾಯಿತು. ಸದಾನಂದನಿಗೆ ಆಗ ತಾನು ಏನು ಓದುತ್ತಿದ್ದೇನೆಂದು ಅರ್ಥವಾಯಿತು. ರಾಜೀವನಿಗೆ ಸಮಾಧಾನವಾಗುವ ಸಾಲು ಎಲ್ಲಾದರೂ ಇದ್ದೀತೆಂದು ಕೆಳಗೆ ಹುಡುಕಿ, ಹೊಸಬರ ಆಟ ಲಂಡನ್ನಿನ ದೊಡ್ಡ ಅರಮನೆಗೆ ಹೋಯಿತು, ಸಾವಿರಾರು ಜನ ನೋಡಲು ಬರುತ್ತಾರೆ ಎಂಬುದನ್ನು ಎರಡು ಸಲ ಓದಿದ. ಬಲಗಡೆಯವರು ಚಪ್ಪಾಳೆ ತಟ್ಟಿದರು. ಈಗ ಧನರಾಜ್ ಕಾಲು ಕೆಳಗಿಟ್ಟ. ಅವನಿಗೂ ಒಂದು ಒಳ್ಳೆಯ ಸಾಲು ಬೇಕಾಯಿತು. ಉಳಿದಿದ್ದದ್ದು ಒಂದೇ ಸಾಲು.

"ಎರಡು ಸಾವಿರದ ಇಪ್ಪತ್ತರಲ್ಲಿ ಹಳೆಯ ಸಂಸ್ಥೆ ದಿವಾಳಿಯಾಗಿ ಮುಚ್ಚಿಹೋಯಿತು. ಹೀಗೆ ಇಪ್ಪತ್ತೇಳು ವರ್ಷ ಜಗತ್ತಿಗೆ ಇಬ್ಬಿಬ್ಬರು ವಿಶ್ವ ಚಾಂಪಿಯನ್ನರಿದ್ದರು."

ಧನರಾಜ್ ಎದ್ದು ನಿಂತ. ಅವನು ನಿಂತನೆಂದು ರಾಜೀವನೂ ನಿಂತ. ಸದಾನಂದ ಇನ್ನೂ ಮುಗಿದಿಲ್ಲ, ಇನ್ನೂ ಉಂಟು ಎನ್ನುತ್ತ ಹಾಳೆಯನ್ನು ಮಗುಚಿದ. ಹಿಂದುಗಡೆ ಬರಹವಿತ್ತು. ಅವನು ಉಸಿರು ತೆಗೆದುಕೊಳ್ಳದೆ ಓದಿದ.

"ದಿನಕ್ಕೆ ಮೂರು ಸಲ ಉಪ್ಪುನೀರಿನಲ್ಲಿ ಬಾಯಿ ತೊಳೆಯುವುದು. ಒಂದು ವಾರ ಬಾಯಿ ಮುಚ್ಚಿಕೊಂಡಿರುವುದು. ಕಡಿಮೆಯಾಗದಿದ್ದರೆ ಮತ್ತೆ ಬಂದು ತೋರಿಸುವುದು."

ಅದು ಹಿಂದಿನ ದಿನ ಗಂಟಲಿನ ಡಾಕ್ಟರು ಶಿಫಾನಾ ಹೇಳಿದ್ದನ್ನು ತಿಮ್ಮರಾಯಪ್ಪನವರು ತಮಗಾಗಿ ಬರೆದುಕೊಂಡದ್ದು. ಹಾಲಿನಲ್ಲಿದ್ದ ಯಾರಿಗೂ ಅದು ಗೊತ್ತಿರಲಿಲ್ಲ. ಇಬ್ಬರು ಅಧ್ಯಕ್ಷರೂ ಎರಡು ಕಡೆಯಿಂದ ವೇದಿಕೆಯ ಮೆಟ್ಟಿಲಿನತ್ತ ಹೊರಟರು. ಸದಾನಂದ ಮೈಕಿನ ಕೋಲನ್ನು ಹಿಡಿದುಕೊಂಡ, ಹೊಡೆಯಲಿಕ್ಕಲ್ಲ, ಬೀಳದೆ ಇರಲಿಕ್ಕೆ.

ಆಗ ನಕ್ಕವಳು ಕುಸುಮಾವತಿ. ಅವಳು ಧನರಾಜನ ತಂಗಿ, ರಾಜೀವನ ಹೆಂಡತಿ. ಎಂಟು ವರ್ಷದಿಂದ ಎರಡು ಮನೆಯ ನಡುವೆ ಓಡಾಡಿ ಸೋತಿದ್ದಳು. ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು ಬಂತು. ಅದನ್ನು ಒರೆಸಿಕೊಂಡು ನಡುವಿನ ಖಾಲಿ ಜಾಗಕ್ಕೆ ಬಂದು ನಿಂತಳು.

"ಅಣ್ಣ, ಅವರಿಗೆ ಜಗಳ ಆದದ್ದು ಟಿ.ವಿ.ಗೆ. ನಿಮಗೆ ಆದದ್ದು ಒಂದು ಪ್ಲಾಸ್ಟಿಕ್ ಕುರ್ಚಿಗೆ. ಅವರು ಇಪ್ಪತ್ತೇಳು ವರ್ಷ ಮಾಡಿದ್ರಂತೆ. ನಿಮ್ಮದು ಎಂಟಾಯ್ತು. ಇನ್ನು ಹತ್ತೊಂಬತ್ತು ವರ್ಷ ಜಗಳ ಮಾಡ್ಲಿಕ್ಕೆ ನಿಮ್ಮಿಬ್ಬರಿಗೆ ಇಕಾಮಾ ಉಂಟಾ?"

ಇಬ್ಬರಿಗೂ ಐವತ್ತೆಂಟು ದಾಟಿತ್ತು. ಇಬ್ಬರೂ ಮನಸ್ಸಿನಲ್ಲಿ ಲೆಕ್ಕ ಹಾಕಿದ್ದು ಮುಖದ ಮೇಲೆ ಕಾಣುತ್ತಿತ್ತು. ಎಂಟು ವರ್ಷದ ಮೇಲೆ ಧನರಾಜ್ ರಾಜೀವನೊಡನೆ ಆಡಿದ ಮೊದಲ ಮಾತು ಹೀಗಿತ್ತು.

"ಊಟಕ್ಕೆ ಎಂತ ಉಂಟು, ಭಾವ?"

"ಕೋಳಿಸಾರು, ರೊಟ್ಟಿ," ಎಂದ ರಾಜೀವ್. ಮೂಲೆಯತ್ತ ಕೈ ತೋರಿಸಿ, "ಅದೇ ಪಾತ್ರೆಯಲ್ಲಿ," ಎಂದ.

ಆಮೇಲೆ ಪಂದ್ಯ ನಡೆಯಿತು. ಧನರಾಜನ ಮೊದಲ ಬಾಣ ಪರದೆಗೆ ಚುಚ್ಚಿತು, ರಾಜೀವನದು ಸ್ವಿಚ್ ಬೋರ್ಡಿಗೆ. ಮೂರು ಗಂಟೆಯವರೆಗೆ ಆಡಿದರೂ ಯಾರೂ ಸೊನ್ನೆಗೆ ಮುಟ್ಟಲಿಲ್ಲ. ಕಪ್ಪನ್ನು ತಿಮ್ಮರಾಯಪ್ಪನವರು ಮನೆಗೇ ತೆಗೆದುಕೊಂಡು ಹೋದರು. ಊಟದ ನಂತರ ಇಬ್ಬರು ಅಧ್ಯಕ್ಷರೂ ಸದಾನಂದನನ್ನು ಮೇಲೆ ಕರೆದು, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ನಮ್ಮನ್ನು ಒಂದು ಮಾಡಿದ ಪುಣ್ಯಾತ್ಮ ಎಂದು ಧನರಾಜ್ ಮೈಕಿನಲ್ಲಿ ಹೇಳಿದ. ತಿಮ್ಮರಾಯಪ್ಪನವರು ಏನೋ ಹೇಳಲು ಎದ್ದರು, ಸ್ವರ ಬರಲಿಲ್ಲ, ಕೂತರು.

ಇಷ್ಟು ಒಳ್ಳೆಯ ಗಳಿಗೆ ಮತ್ತೆ ಬರಲಾರದೆಂದು ಸದಾನಂದ ಶಾಲಿನ ಕೆಳಗಿನಿಂದಲೇ ಬಿಡುಗಡೆಯ ಕಾಗದ ತೆಗೆದು ಮುಂದೆ ಹಿಡಿದ. ಧನರಾಜ್ ಅದನ್ನು ಓದಿ ರಾಜೀವನಿಗೆ ಕೊಟ್ಟ. ರಾಜೀವ್ ಓದಿ ಧನರಾಜನಿಗೆ ಕೊಟ್ಟ.

"ನಿನ್ನ ಅಂಗಡಿಯಲ್ಲಿ ನಿಲ್ಲಿಸ್ತೀಯಾ, ಭಾವ?" ಎಂದು ಧನರಾಜ್ ಕೇಳಿದ.

"ಯಾಕೆ? ಗಿರಾಕಿ ಇನ್ನು ಆಚೆ ಹೋದ್ರೆ ನಿಮ್ಮದು, ಈಚೆ ಬಂದ್ರೆ ನಮ್ಮದು. ಎಲ್ಲಿ ಹೋದ್ರೂ ಮನೆಯಲ್ಲೇ. ಕರೆಯುವವ ಎಂತಕ್ಕೆ?"

ಅದು ಸರಿ ಎಂದು ಧನರಾಜ್ ಹೇಳಿದ. ಎರಡು ಅಂಗಡಿಗೂ ಸೇರಿ ಒಂದೇ ಬೋರ್ಡು ಹಾಕಿಸುವುದೆಂದು ಇಬ್ಬರೂ ಅಲ್ಲಿಯೇ ನಿಶ್ಚಯಿಸಿದರು. ಸದಾನಂದನ ಕೈ ಬಿಡುವುದಿಲ್ಲ, ಅವನು ಊರಿಗೆ ಹೋಗುವಾಗ ಎಷ್ಟೇ ಸಾಮಾನಿರಲಿ ನಾವೇ ಕಳಿಸಿಕೊಡುತ್ತೇವೆ ಎಂದು ರಾಜೀವ್ ಮೈಕಿನಲ್ಲಿ ಸಾರಿದ. ಈ ಸಲ ಎರಡು ಕಡೆಯವರೂ ಒಟ್ಟಿಗೆ ಚಪ್ಪಾಳೆ ತಟ್ಟಿದರು.

ಸದಾನಂದ ಮತ್ತೆ ಹತ್ತು ದಿನ ಮಿರ್ಕಾಬಿನ ಆಫೀಸುಗಳನ್ನೆಲ್ಲ ಹತ್ತಿ ಇಳಿದ. ಎಲ್ಲಿ ಹೋದರೂ ಅವನ ಭಾಷಣದ ವಿಡಿಯೋ ಅವನಿಗಿಂತ ಮೊದಲೇ ಮುಟ್ಟಿತ್ತು. ಒಬ್ಬ ಮ್ಯಾನೇಜರು ಅದನ್ನು ಅವನ ಎದುರಿಗೇ ಹಾಕಿ, ಕೊನೆಯವರೆಗೆ ನೋಡಿ, ಚಹಾ ಕೊಟ್ಟು ಕಳಿಸಿದ. ಕೆಲಸ ಯಾರೂ ಕೊಡಲಿಲ್ಲ.

ತಿಂಗಳ ಕೊನೆಯ ಶನಿವಾರ ಬೆಳಗ್ಗೆ ಬೋರ್ಡು ಬರೆಯುವವನು ಅಂಗಡಿಗೆ ಬಂದು, ಯಾರ ಹೆಸರು ಮೊದಲು ಎಂದು ಕೇಳಿದ. ಮಧ್ಯಾಹ್ನದ ಹೊತ್ತಿಗೆ ಭಾವ ಮೈದುನರು ಮತ್ತೆ ಬೇರೆಯಾಗಿದ್ದರು. ಕೋಳಿಸಾರಿನ ಪಾತ್ರೆ ಈ ಸಲ ಧನರಾಜನ ಕಡೆಗೆ ಹೋಯಿತು. ಬಾಗಿಲಲ್ಲಿ ನಿಲ್ಲಲು ಕೂಡಲೇ ಜನ ಬೇಕಾಗಿದೆ ಎಂದು ಎರಡು ಅಂಗಡಿಯವರೂ ಗಾಜಿಗೆ ಕಾಗದ ಅಂಟಿಸಿದರು. ಇಬ್ಬರ ಕಫೀಲರೂ ಸಹಿಗೆ ತಯಾರಿದ್ದರು. ಮೊದಲು ಧನರಾಜ್, ಆಮೇಲೆ ರಾಜೀವ್, ಇಬ್ಬರೂ ಸದಾನಂದನಿಗೆ ಫೋನು ಮಾಡಿ ಮಾಡಿ ನೋಡಿದರು. ಕುವೈತಿನ ಆ ನಂಬರು ಆಫ್ ಆಗಿತ್ತು.

ಸದಾನಂದ ಊರಿಗೆ ಹೋದದ್ದು ಗುರುವಾರ.