ಗಡಿ ದಾಟಿದ ಕೊಸರಿನ ಚೀಲ

ಬಾಂಗ್ಲಾದೇಶಕ್ಕ ಮಾಲು ಕಳಸೂ ಕಾಗದಪತ್ರ ಮಾಡೂ ಆಫೀಸು ಅಂದ್ರ ಎಲ್ಲಾರೂ ಮಾರಿ ಗಂಟ ಹಾಕ್ಕೊಂಡ ಕುಂತಿರ್ತಾರ ಅನಕೊಂಡಿದ್ದೆ. ಕೇಶ್ವಾಪುರದ ನಮ್ಮ ಆಫೀಸಿಗೆ ಬಂದ ನೋಡ್ರಿ, ನಗೂವಂಥಾದ್ದು ಏನರ ಒಂದು ಆಗ್ತಾನ ಇರ್ತದ. ಹತ್ತನೇ ಕ್ಲಾಸಿನಾಗ ಡುಮ್ಕಿ ಹೊಡದ ನಾನು ಅಲ್ಲೆ ಟೈಪ್ ಮಾಡ್ತೇನಿ.

೧. ಸಿಕ್ಕಾದ ಶಕ್ತಿ

ಲಾರಿ ಗಡಿ ದಾಟಬೇಕಂದ್ರ ಒಳಗ ಏನೈತಿ, ಎಷ್ಟೈತಿ ಅಂತ ಪಟ್ಟಿ ಬೇಕು, ಪಟ್ಟಿಗೆ ನಮ್ಮ ಆಫೀಸಿನ ಸಾಹೇಬ್ರ ಸಿಕ್ಕಾ ಬೇಕು. ಒಂದಿನ ಕಿಡಿಗೇಡಿತನಕ್ಕ ಸಾಹೇಬ್ರ ಊಟದ ಡಬ್ಬಿಗೂ ಪಟ್ಟಿ ಮಾಡಿದೆ: ರೊಟ್ಟಿ ಮೂರು, ಹೊಂಟ ಊರು ಧಾರವಾಡ, ಮುಟ್ಟೂ ಊರು ಹೊಟ್ಟಿ. ಸಾಹೇಬ್ರು ನೋಡದ ಸಿಕ್ಕಾ ಹೊಡದ್ರು. ಮಧ್ಯಾಹ್ನ ಡಬ್ಬಿ ತಗದ್ರ ರೊಟ್ಟಿ ಎರಡು. ಪಟ್ಟಿ ತೋರಿಸಿದೆ. ಬೈತಾರ ಅನಕೊಂಡ್ರ ಮನಿಗೆ ಫೋನ್ ಹಚ್ಚಿದ್ರು. ಅವರ ಮನಿಯವರು ಎರಡ ಕಟ್ಟೇನಿ ಅಂತ ಆಣಿ ಮಾಡಿದ್ರು.

“ಸಿಕ್ಕಾ ಬಿದ್ದೈತಿ. ಮೂರ ಇರಬೇಕು,” ಅಂದ್ರು ಸಾಹೇಬ್ರು.

ಅವತ್ತಿನಿಂದ ಸಿಕ್ಕಾ ಮುಟ್ಟೂ ಮುಂದ ನಾ ಚಪ್ಪಲಿ ಬಿಡ್ತೇನಿ.

೨. ಬರೇ ಹಣಿ

ಗಬ್ಬೂರಿನ ಮೆಣಸಿನಕಾಯಿ ಸಾವಕಾರ್ರು ಮೊದಲ ಸಲ ಪರದೇಶಕ್ಕ ಲಾರಿ ಕಳಸಾಕತ್ತಿದ್ರು. ವ್ಯಾಳ್ಯಾಕ್ಕ ಮುಟ್ಟಿದ್ರ ವರ್ಷಿಡೀ ನಿಮ್ಮ ಕಡೇನ ಕೊಳ್ತೇನಿ, ಇಲ್ಲಂದ್ರ ಇದ ಕಡೀದು ಅಂತ ಬಾಂಗ್ಲಾದ ವ್ಯಾಪಾರಿ ಹೇಳಿದ್ದ. ಅದಕ್ಕ ಸಾವಕಾರ್ರು ಕಾಗದ ಕೈಗೆ ಬಂದ ಕೂಡ್ಲೆ ವಿಭೂತಿ ತೇಯ್ದು, ಒಂದೊಂದರ ಮ್ಯಾಲೂ ಮೂರು ಬಟ್ಟ ಎಳದ್ರು. ತೂಕದ ಅಂಕಿ ಮುಚ್ಚಿಹೋತು. ಸಾಹೇಬ್ರು ತಲಿ ಹಿಡಕೊಂಡ್ರು.

“ಪರದೇಶಕ್ಕ ಹೊಂಟೈತ್ರಿ. ಬರೇ ಹಣೀಲೆ ಕಳಸೂದ ಹೆಂಗ?” ಅಂದ್ರು ಸಾವಕಾರ್ರು.

ಎಲ್ಲಾ ಮತ್ತ ಛಾಪಿಸಿದ್ವಿ. ಕಡೀಕ ಒಪ್ಪಂದ ಆತು: ವಿಭೂತಿ ಕಾಗದಕ್ಕ ಬ್ಯಾಡ, ಟೈಪ್ ಮಾಡಿದವನ ಹಣಿಗೆ. ಸಂಜೀಕ ನನ್ನ ನೋಡಿ ನಮ್ಮವ್ವ, ಮಗ ಸುಧಾರಿಸಿದ ಅಂತ ಓಣಿಗೆಲ್ಲಾ ಸಕ್ಕರಿ ಹಂಚಿದ್ಲು.

೩. ಹೆಚ್ಚಿಗಿ ಚೀಲ

ಆ ಲಾರಿ ಗಡ್ಯಾಗ ನಿಂತ ಬಿಡ್ತು. ಅಲ್ಲಿ ಅಧಿಕಾರಿ ಎಣಿಸಿದ್ರ ಪಟ್ಟಿಗಿಂತ ಒಂದು ಚೀಲ ಹೆಚ್ಚಿಗಿ. ಸಾವಕಾರ್ರನ್ನ ಕೇಳಿದ್ವಿ. ಅವರಿಗೆ ನಾವ ಹುಚ್ಚರಂಗ ಕಂಡ್ವಿ. ಅಪ್ಪನ ಕಾಲದಿಂದ ಲಾರಿ ತುಂಬಿದ ಮ್ಯಾಲ ಒಂದು ಚೀಲ ಕೊಸರು ಹಾಕೂದ ಅವರ ರೂಢಿ. ರೊಕ್ಕಾ ಇಲ್ಲದ್ದಕ್ಕ ಕಾಗದ ಯಾಕ ಅಂದ್ರು. ಇಳಸ್ರಿ ಅಂದ್ರ ಕೇಳವಲ್ಲರು, ಕೊಟ್ಟ ಕೊಸರು ವಾಪಸ್ ತಗೊಂಡ್ರ ಮನಿತನದ ಮರ್ಯಾದಿ ಏನು ಅಂತ. ಆ ಕಡಿ ವ್ಯಾಪಾರಿ ಸಂಜೀತನಕ ಅಷ್ಟ ಕಾಯ್ತೇನಿ ಅಂದಿದ್ದ. ಸಾವಕಾರ್ರು ಕುರ್ಚಿ ಬಿಟ್ಟು ನೆಲಕ್ಕ ಕುಂತ್ರು.

ಪಟ್ಟಿ ತಿದ್ದಿದ್ವಿ. ‘ಒಂದು ಚೀಲ, ಪ್ರೀತಿಗೆ’ ಅಂತ ನಾ ಬಡದಿದ್ದೆ. ಸಾಹೇಬ್ರು ಕಣ್ಣ ಬಿಟ್ಟು ‘ಒಂದು ಚೀಲ, ಮಾದರಿ, ಬೆಲಿ ಇಲ್ಲ’ ಅಂತ ಮಾಡಿಸಿ ಮೇಲ್‌ನಾಗ ಗಡಿಗೆ ಕಳಸಿದ್ರು. ಹೊತ್ತ ಮುಳಗೂದ್ರಾಗ ಡ್ರೈವರ್ ಮಾಮಾ ಫೋಟೊ ಕಳಸಿದ: ನಮ್ಮ ಲಾರಿ ಆ ಕಡಿ ನೆಲದಾಗ. ಬೆಳಗಾವಿ ದಾಟದ ನನಗ ಮೈ ಝುಮ್ ಅಂತು. ನಾ ಬಡದ ಒಂದು ಸಾಲಿಗೆ ಒಂದು ದೇಶದ ಬಾಗಲಾ ತಗದಿತ್ತು.

ಮರುದಿನ ವ್ಯಾಪಾರಿ ಫೋನ್ ಬಂತು. ಬೆಲಿ ಇಲ್ಲದ ಚೀಲಾನ ಮೊದಲ ಬಿಚ್ಚಿದ್ನಂತ. ಕೊಸರು ಅಂತ ಸಾವಕಾರ್ರು ಆರಿಸಿ ಆರಿಸಿ ತುಂಬಿದ ಕಾಯಿ ಅದು. ಇನ್ನ ವರ್ಷಿಡೀ ಅದ ಜಾತಿ ಬೇಕು, ಕೇಳಿದಷ್ಟು ರೇಟು ಕೊಡ್ತೇನಿ ಅಂದ. ನಾವೆಲ್ಲಾ ಕುಣದ್ವಿ. ಸಾವಕಾರ್ರು ಮಾತ್ರ ಮಾರಿ ಸಣ್ಣದ ಮಾಡ್ಕೊಂಡ ಕುಂತಿದ್ರು. ಯಾಕ್ರೀ ಅಂತ ಕೇಳಿದೆ.

“ಛಲೋ ಕಾಯೆಲ್ಲಾ ಅವನೇ ರೊಕ್ಕಾ ಕೊಟ್ಟು ಒಯ್ದ್ರ, ತಮ್ಮಾ, ಕೊಸರಿಗೆ ನಾ ಏನ ಹಾಕ್ಲಿ?”